ಮುಖವರ್ಣಿಕೆ ಮತ್ತು ನಂಬಿಕೆ: ಹೊನ್ನಾವರ ಪರಿಸರದ ಯಕ್ಷಗಾನದಲ್ಲಿ ಮುಖದ ಓದು

ಅಪರಿಚಿತನೊಬ್ಬ ಎದುರಾದೊಡನೆ ಆತ ನಂಬತಕ್ಕವನೇ ಅಲ್ಲವೇ ಎಂಬ ನಿರ್ಣಯವನ್ನು ನೋಡುವವನ ಮನಸ್ಸು ಮಾಡಿ ಮುಗಿಸಿರುತ್ತದೆ. ಮಾತು ಆರಂಭವಾಗುವುದು, ನಡತೆ ತಿಳಿಯುವುದು ಆನಂತರದ ಸಂಗತಿ. ಈ ಮೊದಲ ನಿರ್ಣಯಕ್ಕೆ ಆಧಾರವಾಗಿರುವುದು ಮುಖ. ಮುಖ ನೋಡಿ ಮಣೆ ಹಾಕುವುದೆಂಬ ಮಾತು ಕನ್ನಡದಲ್ಲಿ ಬಳಕೆಯಲ್ಲಿರುವುದು ಈ ಪ್ರವೃತ್ತಿಯ ಅರಿವಿನಿಂದಲೇ. ಆ ಮಾತಿನಲ್ಲಿ ಅಂಥ ನಡವಳಿಕೆಯ ಬಗೆಗಿನ ಆಕ್ಷೇಪವೂ ಅಡಗಿದೆ.

ಮುಖದಿಂದ ಸ್ವಭಾವವನ್ನು ತಿಳಿಯಬಹುದೆಂಬ ನಂಬಿಕೆಯನ್ನೇ ತನ್ನ ರಂಗಭಾಷೆಯ ತಳಹದಿಯಾಗಿ ಮಾಡಿಕೊಂಡಂತೆ ತೋರುವ ಕಲೆ ಯಕ್ಷಗಾನ. ರಾಕ್ಷಸನ ಮುಖ ರಾಕ್ಷಸನದೇ, ರಾಜನ ಮುಖ ರಾಜನದೇ. ನೋಡುಗನಿಗೆ ಸಂಶಯಕ್ಕೆ ಎಡೆಯಿಲ್ಲ. ಈ ಕಾರಣದಿಂದ ಯಕ್ಷಗಾನದ ವೇಷವಿಧಾನವನ್ನು ಕುರಿತ ಬರಹಗಳಲ್ಲಿ ಬಣ್ಣವು ಪಾತ್ರದ ಗುಣವನ್ನು ಸಾರುತ್ತದೆ ಎಂಬ ವಿವರಣೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಆ ವಿವರಣೆ ತಪ್ಪಲ್ಲ. ಆದರೆ ಅದು ಅರ್ಧ ಮಾತ್ರ. ಬಣ್ಣದ ಸಾರುವಿಕೆ ನಡೆಯುವುದು ಪ್ರೇಕ್ಷಕನ ಪಾಲಿಗೆ. ರಂಗದ ಮೇಲಿನ ಪಾತ್ರಗಳಿಗೆ ಆ ಬಣ್ಣವನ್ನು ಓದುವ ಸೌಲಭ್ಯ ಎಲ್ಲ ಕಾಲಕ್ಕೂ ಇಲ್ಲ. ಅವು ಮುಖವನ್ನು ನಂಬಿ ಕೆಡುತ್ತವೆ, ಕೆಲವೊಮ್ಮೆ ಮುಖವನ್ನು ನಂಬಿಯೇ ಉಳಿಯುತ್ತವೆ. ಈ ಎರಡು ಓದುಗಳ ನಡುವಿನ ಅಂತರವೇ ಯಕ್ಷಗಾನದ ಹಲವು ಉತ್ತಮ ಪ್ರಸಂಗಗಳ ಜೀವಾಳ. ಹೊನ್ನಾವರ ಪರಿಸರದ ಬಡಗುತಿಟ್ಟನ್ನು, ಅದರಲ್ಲಿಯೂ ‘ಚಂದ್ರಹಾಸ’ ಪ್ರಸಂಗವನ್ನು ಮುಂದಿರಿಸಿಕೊಂಡು ಈ ಅಂತರದ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮುಖದ ಓದು: ಹಳೆಯ ಮತ್ತು ಹೊಸ ವಿಚಾರಗಳು

ಭಾರತೀಯ ಪರಂಪರೆಯಲ್ಲಿ ಅಂಗಲಕ್ಷಣಗಳಿಂದ ವ್ಯಕ್ತಿಯ ಸ್ವಭಾವ, ಭವಿಷ್ಯಗಳನ್ನು ಹೇಳುವ ಸಾಮುದ್ರಿಕ ಶಾಸ್ತ್ರ ಬಹು ಹಿಂದಿನದು. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಪುರುಷಲಕ್ಷಣ, ಸ್ತ್ರೀಲಕ್ಷಣಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ನಾಟ್ಯಶಾಸ್ತ್ರದ ದಾರಿ ಇದಕ್ಕಿಂತ ಭಿನ್ನವಾದುದು. ಭರತನು ಕಣ್ಣು, ಹುಬ್ಬು, ಮೂಗು, ತುಟಿ, ಕೆನ್ನೆ, ಗಲ್ಲಗಳನ್ನು ಉಪಾಂಗಗಳೆಂದು ಕರೆದು ಅವುಗಳ ಚಲನೆಗಳನ್ನು ವರ್ಗೀಕರಿಸಿದನು. ಸ್ವಾಭಾವಿಕ, ಪ್ರಸನ್ನ, ರಕ್ತ, ಶ್ಯಾಮ ಎಂದು ನಾಲ್ಕು ಬಗೆಯ ಮುಖರಾಗವನ್ನು ಹೇಳಿದನು. ಸಾಮುದ್ರಿಕಕ್ಕೆ ಮುಖವೆಂಬುದು ಹುಟ್ಟಿನೊಡನೆ ಬಂದ ಬರಹ. ನಾಟ್ಯಶಾಸ್ತ್ರಕ್ಕೆ ಅದು ಕ್ಷಣಕ್ಷಣಕ್ಕೂ ಬದಲಾಗುವ ಭಾವದ ನೆಲೆ. ಒಂದು ಸ್ಥಿರವಾದುದನ್ನು ಓದುತ್ತದೆ, ಮತ್ತೊಂದು ಚಲಿಸುವುದನ್ನು ಓದುತ್ತದೆ.

ಈ ಎರಡನ್ನು ಬೆರೆಸಿಕೊಳ್ಳುವುದರಿಂದಲೇ ಮುಖದ ಬಗೆಗಿನ ತಪ್ಪು ನಿರ್ಣಯಗಳು ಹುಟ್ಟುತ್ತವೆ ಎಂಬುದು ಇತ್ತೀಚಿನ ಮನೋವಿಜ್ಞಾನದ ನಿಲುವು. ಜನೀನ್ ವಿಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರ ಮುಖಚಿತ್ರಗಳನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ತೋರಿಸಲಾಯಿತು. ಅಷ್ಟರಲ್ಲಿಯೇ ನೋಡುಗರು ಮಾಡಿದ ನಿರ್ಣಯಗಳು, ಕಾಲಮಿತಿಯಿಲ್ಲದೆ ನೋಡಿದವರ ನಿರ್ಣಯಗಳಿಗೆ ಬಹುಮಟ್ಟಿಗೆ ಹೊಂದಿಕೊಂಡವು. ಈ ಹೊಂದಿಕೆ ಅತಿ ಹೆಚ್ಚಾಗಿ ಕಂಡುಬಂದುದು ವಿಶ್ವಾಸಾರ್ಹತೆಯ ವಿಷಯದಲ್ಲಿ. ಇನ್ನೂ ಹೆಚ್ಚು ಕಾಲ ನೋಡಲು ಬಿಟ್ಟಾಗ ನೋಡುಗರಿಗೆ ತಮ್ಮ ನಿರ್ಣಯದ ಮೇಲಿನ ಭರವಸೆ ಹೆಚ್ಚಿತು. 2008ರಲ್ಲಿ ನಿಕೊಲಾಸ್ ಊಸ್ಟರ್‌ಹೋಫ್ ಮತ್ತು ಟೊಡೊರೊವ್ ಅವರು ಮುಖದ ಮೌಲ್ಯಮಾಪನವೆಲ್ಲ ಮುಖ್ಯವಾಗಿ ಎರಡು ಅಕ್ಷಗಳ ಮೇಲೆ ನಡೆಯುತ್ತದೆಂದು ತೋರಿಸಿದರು: ಒಂದು ವಿಶ್ವಾಸಾರ್ಹತೆ, ಇನ್ನೊಂದು ಪ್ರಾಬಲ್ಯ. ತುಟಿಯ ಅಂಚುಗಳು ಸ್ವಲ್ಪ ಮೇಲಕ್ಕೆ ತಿರುಗಿದ್ದು, ಹುಬ್ಬುಗಳ ಒಳತುದಿ ಎತ್ತರವಾಗಿದ್ದರೆ ಮುಖ ನಂಬಿಕೆಗೆ ಯೋಗ್ಯವೆನಿಸುತ್ತದೆ. ತುಟಿಯ ಅಂಚು ಕೆಳಕ್ಕೆ ಬಾಗಿ, ಹುಬ್ಬುಗಳು ಮೂಗಿನತ್ತ ಇಳಿದಿದ್ದರೆ ಅದೇ ಮುಖ ಶಂಕೆಯನ್ನು ಹುಟ್ಟಿಸುತ್ತದೆ.

ಇದಕ್ಕೆ ಕೊಡಲಾಗುವ ಕಾರಣ ಗಮನಾರ್ಹವಾದುದು. ಮೊದಲಿನ ಮುಖದಲ್ಲಿ ನಗುವಿನ ಛಾಯೆಯಿದೆ, ಎರಡನೆಯದರಲ್ಲಿ ಕೋಪದ ಛಾಯೆಯಿದೆ. ಆ ವ್ಯಕ್ತಿ ನಗುತ್ತಲೂ ಇಲ್ಲ, ಕೋಪಗೊಂಡೂ ಇಲ್ಲ. ಅವನ ಎಲುಬು, ಮಾಂಸಗಳ ರಚನೆಯೇ ಹಾಗಿದೆ. ಆದರೂ ನೋಡುಗನು ಕ್ಷಣಿಕ ಭಾವವನ್ನು ಓದುವ ತನ್ನ ಶಕ್ತಿಯನ್ನು ಸ್ಥಿರ ರಚನೆಯ ಮೇಲೆ ಹೇರುತ್ತಾನೆ. ಲೆಸ್ಲಿ ಝೆಬ್ರೊವಿಟ್ಝ್ ಅವರ ಅಧ್ಯಯನಗಳೂ ಇದೇ ಬಗೆಯ ತಪ್ಪನ್ನು ಗುರುತಿಸಿವೆ. ದುಂಡುಮುಖ, ದೊಡ್ಡ ಕಣ್ಣು, ಚಿಕ್ಕ ಗಲ್ಲಗಳುಳ್ಳ ವಯಸ್ಕರನ್ನು ಜನರು ಮಗುವಿನಂತೆ ಮುಗ್ಧರೆಂದೂ ಪ್ರಾಮಾಣಿಕರೆಂದೂ ಎಣಿಸುತ್ತಾರೆ. ನೋಡುಗರು ತಮ್ಮತಮ್ಮಲ್ಲಿ ಒಪ್ಪುತ್ತಾರೆಂಬ ಮಾತ್ರಕ್ಕೆ ಅವರ ನಿರ್ಣಯ ಸತ್ಯವಾಗುವುದಿಲ್ಲ ಎಂಬುದು ಈ ಸಂಶೋಧನೆಗಳ ಮುಖ್ಯ ಫಲಿತ.

ಈ ತಪ್ಪು ನಿರುಪದ್ರವಿಯಾದುದಲ್ಲ. ಜಾನ್ ಪಾಲ್ ವಿಲ್ಸನ್ ಮತ್ತು ನಿಕೊಲಸ್ ರೂಲ್ 2015ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಕೊಲೆ ಅಪರಾಧಿಗಳ ಮುಖಚಿತ್ರಗಳನ್ನು ಪರಿಶೀಲಿಸಿದರು. ಮರಣದಂಡನೆಗೆ ಗುರಿಯಾದವರ ಮುಖಗಳು ಜೀವಾವಧಿ ಶಿಕ್ಷೆ ಪಡೆದವರ ಮುಖಗಳಿಗಿಂತ ಕಡಿಮೆ ವಿಶ್ವಾಸಾರ್ಹವೆಂದು, ಅವರ ಹಿನ್ನೆಲೆಯನ್ನರಿಯದ ನೋಡುಗರಿಗೆ ತೋರಿತು. ಶಿಕ್ಷೆಯಾದ ಮೇಲೆ ನಿರಪರಾಧಿಗಳೆಂದು ಸಿದ್ಧವಾಗಿ ಬಿಡುಗಡೆಯಾದವರ ವಿಷಯದಲ್ಲಿಯೂ ಇದೇ ಕಂಡುಬಂದಿತು. ನ್ಯಾಯಸ್ಥಾನದಲ್ಲಿ ಮುಖದ ಪ್ರಭಾವವನ್ನು ಶೂದ್ರಕನು ಬಹು ಹಿಂದೆಯೇ ‘ಮೃಚ್ಛಕಟಿಕ’ದ ಒಂಬತ್ತನೆಯ ಅಂಕದಲ್ಲಿ ರಂಗಕ್ಕೆ ತಂದಿದ್ದನು. ಚಾರುದತ್ತನ ಸೌಮ್ಯ ಮುಖವನ್ನು ಕಂಡ ನ್ಯಾಯಾಧಿಕಾರಿಗೆ, ಇಂಥ ಆಕೃತಿಯವನು ಕೊಲೆ ಮಾಡಿಯಾನೆಂದು ತೋರುವುದಿಲ್ಲ. ಅವನ ಊಹೆ ನಿಜವೂ ಹೌದು. ಆದರೆ ಸಾಕ್ಷ್ಯಗಳೆಲ್ಲ ವಿರುದ್ಧವಾಗಿ ನಿಂತಾಗ ಆ ಮುಖ ಚಾರುದತ್ತನನ್ನು ಶಿಕ್ಷೆಯಿಂದ ಕಾಪಾಡಲಾರದೆ ಹೋಗುತ್ತದೆ. ಮುಖದ ಓದು ಸರಿಯಾದಾಗಲೂ ಅದನ್ನು ಪ್ರಮಾಣವಾಗಿ ಒಡ್ಡಲಾಗದು ಎಂಬ ತೊಡಕನ್ನು ಈ ಸನ್ನಿವೇಶ ಸೂಕ್ಷ್ಮವಾಗಿ ಮುಂದಿಡುತ್ತದೆ.

ಬಡಗುತಿಟ್ಟಿನ ಮುಖವರ್ಣಿಕೆ

ಈ ಹಿನ್ನೆಲೆಯಲ್ಲಿ ಯಕ್ಷಗಾನದ ಮುಖವರ್ಣಿಕೆಯನ್ನು ನೋಡಬೇಕು. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಬೆಳೆದ ಪ್ರಭೇದವನ್ನು ಬಡಾಬಡಗು ಎಂದು ಕರೆಯುವ ವಾಡಿಕೆಯುಂಟು. ಹೊನ್ನಾವರ ತಾಲ್ಲೂಕು ಇದರ ಮುಖ್ಯ ನೆಲೆಗಳಲ್ಲೊಂದು. ಕರ್ಕಿಯ ಹಾಸ್ಯಗಾರ ಮನೆತನ, ಗುಣವಂತೆಯ ಕೆರೆಮನೆ ಮನೆತನ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಈ ತಾಲ್ಲೂಕಿನ ಕೊಡುಗೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯು ಅವರ ಮಗ ಶಂಭು ಹೆಗಡೆಯವರ ಕಾಲದಲ್ಲಿ ದೇಶವಿದೇಶಗಳಿಗೆ ಪರಿಚಿತವಾಯಿತು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ಈ ಕಲೆಯ ವೇಷವಿಧಾನವು ವಿದ್ವಾಂಸರ ಗಮನವನ್ನು ವಿಶೇಷವಾಗಿ ಸೆಳೆಯಿತು.

ಸಾಂಪ್ರದಾಯಿಕ ಚೌಕಿಯಲ್ಲಿ ಬಳಕೆಯಾಗುತ್ತಿದ್ದ ಬಣ್ಣಗಳು ಕೆಲವೇ: ಹಳದಿಗೆ ಹರಿದಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ, ಕಲಸಲು ಕೊಬ್ಬರಿ ಎಣ್ಣೆ. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣದಿಂದ ಸಿದ್ಧಪಡಿಸಿದ ಚಿಟ್ಟಿಯನ್ನು ಮುಖದ ಮೇಲೆ ಸಾಲುಸಾಲಾಗಿ ಇಡಲಾಗುತ್ತದೆ. ದೀವಟಿಗೆಯ ಮಂದ ಬೆಳಕಿನಲ್ಲಿ, ಗದ್ದೆಯ ಬಯಲಿನ ದೂರದಲ್ಲಿ ಕುಳಿತ ನೋಡುಗನಿಗೆ ಮುಖದ ಸಣ್ಣ ಚಲನೆಗಳು ಕಾಣಲಾರವು. ಆದುದರಿಂದ ಹುಬ್ಬು, ಕಣ್ಣು, ಬಾಯಿಗಳನ್ನು ಗೆರೆಗಳಿಂದ ಹಿಗ್ಗಿಸುವುದು ಅನಿವಾರ್ಯವಾಯಿತು. ವಿಶ್ವಾಸಾರ್ಹತೆಯ ನಿರ್ಣಯಕ್ಕೆ ಹುಬ್ಬು ಮತ್ತು ಬಾಯಿಗಳು ನಿರ್ಣಾಯಕವೆಂದು ಇಂದಿನ ಸಂಶೋಧನೆ ಹೇಳುತ್ತಿರುವುದನ್ನು ಗಮನಿಸಿದರೆ, ಬಣ್ಣಗಾರಿಕೆಯ ಪರಂಪರೆ ಪ್ರಯೋಗದಿಂದ ಅದೇ ಸ್ಥಳಗಳನ್ನು ಆರಿಸಿಕೊಂಡಿರುವುದು ತಿಳಿಯುತ್ತದೆ. ಬಣ್ಣದ ವೇಷದ ಮುಖವು ಎಂದೂ ಇಳಿಯದ ಕೋಪದ ಮುಖ. ಕ್ಷಣಿಕ ಭಾವವನ್ನು ಅಲ್ಲಿ ಶಾಶ್ವತ ಲಕ್ಷಣವಾಗಿ ಮಾಡಲಾಗಿದೆ.

ಇದರ ಇನ್ನೊಂದು ತುದಿಯಲ್ಲಿ ಪುಂಡುವೇಷವಿದೆ. ಅಭಿಮನ್ಯು, ಬಭ್ರುವಾಹನ, ಲವಕುಶರಂಥ ಕಿರಿಯ ವೀರರಿಗೆ ಮೀಸೆಯಿಲ್ಲ. ಮುಖದ ಬಣ್ಣ ತಿಳಿ, ಗೆರೆಗಳು ಮೃದು. ಎಳೆತನದ ಲಕ್ಷಣಗಳಿಗೆ ಪ್ರಾಮಾಣಿಕತೆಯನ್ನು ಆರೋಪಿಸುವ ಮನಸ್ಸಿನ ಒಲವನ್ನು ಇಲ್ಲಿಯೂ ಬಳಸಿಕೊಳ್ಳಲಾಗಿದೆ. ಹೀಗೆ ಮೇಲುನೋಟಕ್ಕೆ ಯಕ್ಷಗಾನದ ಮುಖವರ್ಣಿಕೆ ಮನುಷ್ಯನ ಸಹಜ ಪೂರ್ವಗ್ರಹವನ್ನೇ ಶಾಸ್ತ್ರವಾಗಿಸಿದಂತೆ ತೋರುತ್ತದೆ.

ಆದರೆ ಪ್ರಸಂಗಗಳ ಒಳಹೊಕ್ಕು ನೋಡಿದಾಗ ಚಿತ್ರ ಬೇರೆಯಾಗುತ್ತದೆ. ಘಟೋತ್ಕಚ ರಾಕ್ಷಸಕುಲದವನು, ಪಾಂಡವರ ಪಾಲಿಗೆ ಪ್ರಾಣ ಕೊಡುವ ಮಗ. ವಿಭೀಷಣ ಲಂಕೆಯವನು, ರಾಮನ ಆಪ್ತ. ‘ಕಿರಾತಾರ್ಜುನ’ದಲ್ಲಿ ಕಾಡಿನ ಬೇಟೆಗಾರನಾಗಿ ಬಂದವನನ್ನು ಅರ್ಜುನ ತಿರಸ್ಕಾರದಿಂದ ನೋಡುತ್ತಾನೆ; ಆತ ಅರ್ಜುನ ಯಾರನ್ನು ಕುರಿತು ತಪಸ್ಸು ಮಾಡುತ್ತಿದ್ದನೋ ಆ ಶಿವನೇ. ‘ನಳ ದಮಯಂತಿ’ಯ ಕಥೆಯಂತೂ ಈ ಸಮಸ್ಯೆಯನ್ನು ಎರಡು ಕಡೆಗಳಿಂದ ಪರೀಕ್ಷಿಸುತ್ತದೆ. ಸ್ವಯಂವರದಲ್ಲಿ ದಮಯಂತಿಯ ಎದುರು ಐದು ಮುಖಗಳು ಒಂದೇ ತೆರನಾಗಿ ನಿಲ್ಲುತ್ತವೆ. ಕಾರ್ಕೋಟಕನ ದಂಶದ ಬಳಿಕ ನಳನ ಮುಖವೇ ಇಲ್ಲವಾಗಿ ವಿಕಾರನಾದ ಬಾಹುಕ ಉಳಿಯುತ್ತಾನೆ. ಮೊದಲ ಸಂದರ್ಭದಲ್ಲಿ ಆಕೆ ಬೆವರು, ಬಾಡಿದ ಹೂಮಾಲೆ, ನೆಲ ಸೋಂಕಿದ ಪಾದಗಳಿಂದ ಮನುಷ್ಯನನ್ನು ಗುರುತಿಸುತ್ತಾಳೆ. ಎರಡನೆಯದರಲ್ಲಿ ಅಡುಗೆಯ ರುಚಿಯಿಂದ, ರಥ ನಡೆಸುವ ಬಗೆಯಿಂದ ಪತಿಯನ್ನು ಅರಿಯುತ್ತಾಳೆ. ಎರಡೂ ಕಡೆ ಮುಖ ನೆರವಿಗೆ ಬಾರದು, ನಡೆ ನೆರವಾಗುತ್ತದೆ.

ಘೋರ ಮತ್ತು ಮಾಯೆ

ಮುಖದ ವಂಚನೆಯನ್ನು ರಂಗದಲ್ಲಿ ತೋರಿಸಲು ಯಕ್ಷಗಾನ ಕಂಡುಕೊಂಡ ಉಪಾಯ ಸರಳವಾದುದು, ಪರಿಣಾಮಕಾರಿಯಾದುದು. ಶೂರ್ಪನಖಿ ಮೊದಲು ಘೋರರೂಪದಲ್ಲಿ ಬಣ್ಣದ ವೇಷವಾಗಿ ಬರುತ್ತಾಳೆ. ಆಮೇಲೆ ಅದೇ ಪಾತ್ರ ಮಾಯಾ ಶೂರ್ಪನಖಿಯಾಗಿ, ಬೇರೊಬ್ಬ ಸ್ತ್ರೀವೇಷಧಾರಿಯ ಮೂಲಕ ಪ್ರವೇಶಿಸುತ್ತದೆ. ಒಂದೇ ಪಾತ್ರಕ್ಕೆ ಇಬ್ಬರು ನಟರು, ಎರಡು ಮುಖಗಳು. ಸುಂದರ ಮುಖದ ಹಿಂದಿರುವುದನ್ನು ಪ್ರೇಕ್ಷಕ ಆಗಲೇ ಕಂಡಿರುತ್ತಾನೆ. ಆದ್ದರಿಂದ ಮಾಯೆಯ ನಯವಾದ ಮಾತು ಅವನಿಗೆ ದ್ವಂದ್ವಾರ್ಥವುಳ್ಳದ್ದಾಗಿ ಕೇಳಿಸುತ್ತದೆ. ನೋಡುಗನು ತಿಳಿದವನ ಸ್ಥಾನದಲ್ಲಿಯೂ ಪಾತ್ರವು ತಿಳಿಯದವನ ಸ್ಥಾನದಲ್ಲಿಯೂ ಇರುವ ಈ ಏರ್ಪಾಡಿನಲ್ಲಿ ಮುಖದ ಮೇಲಿನ ನಂಬಿಕೆ ಎಷ್ಟು ದುರ್ಬಲವಾದುದೆಂಬುದು ಉಪದೇಶವಿಲ್ಲದೆ ಮನವರಿಕೆಯಾಗುತ್ತದೆ.

ವಂಚಿಸುವ ಸುಂದರ ಮುಖ ಯಾವಾಗಲೂ ದುಷ್ಟರದ್ದಲ್ಲ ಎಂಬುದನ್ನು ‘ಭಸ್ಮಾಸುರ ಮೋಹಿನಿ’ ನೆನಪಿಸುತ್ತದೆ. ಅಲ್ಲಿ ಮೋಸಹೋಗುವವನು ಅಸುರ, ಮೋಸಗೊಳಿಸುವವನು ವಿಷ್ಣು. ಬಣ್ಣದ ಲೆಕ್ಕದಲ್ಲಿ ಭಸ್ಮಾಸುರನ ಮುಖವೇ ಪ್ರಾಮಾಣಿಕವಾದುದು. ತಾನು ಏನೋ ಅದನ್ನೇ ಅದು ತೋರಿಸುತ್ತದೆ. ಮೋಹಿನಿಯ ಮುಖ ತಾನಲ್ಲದ್ದನ್ನು ತೋರಿಸುತ್ತದೆ. ಚಿಟ್ಟಾಣಿಯವರ ಭಸ್ಮಾಸುರ ಜನಮನದಲ್ಲಿ ನೆಲೆಯೂರಿದ ಪಾತ್ರಗಳಲ್ಲೊಂದು. ಮುಖವನ್ನು ನಂಬಿ ಕೆಟ್ಟವನ ಬಗ್ಗೆ ಹುಟ್ಟುವ ಕನಿಕರಕ್ಕೂ ಈ ಪಾತ್ರದಲ್ಲಿ ಎಡೆಯಿದೆ. ಅಸುರನ ಅಂತ್ಯವನ್ನು ಬಯಸುವ ಪ್ರೇಕ್ಷಕನೇ ಅವನ ಮೋಹಕ್ಕೆ ಮರುಗಬಲ್ಲನಾದರೆ, ಮುಖವರ್ಣಿಕೆ ಹೇಳಿದ ತೀರ್ಪನ್ನು ಅಭಿನಯ ತಿದ್ದಿತೆಂದೇ ಅರ್ಥ.

‘ಚಂದ್ರಹಾಸ’ದಲ್ಲಿ ಮುಖದ ನಾಲ್ಕು ಓದುಗಳು

ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಚಂದ್ರಹಾಸನ ಕಥೆ ಯಕ್ಷಗಾನದಲ್ಲಿಯೂ ಜನಪ್ರಿಯ. ಭಕ್ತಿಯ ಮಹಿಮೆಯನ್ನು ಸಾರುವ ಕಥೆಯೆಂದು ಇದನ್ನು ಸಾಮಾನ್ಯವಾಗಿ ಓದಲಾಗುತ್ತದೆ. ಆ ಓದಿನ ಬದಿಯಲ್ಲಿ ಇನ್ನೊಂದು ಸಂಗತಿಯೂ ಗಮನಕ್ಕೆ ಬರಬೇಕು. ಈ ಕಥೆಯ ಪ್ರತಿಯೊಂದು ತಿರುವೂ ಯಾರೋ ಒಬ್ಬರು ಮುಖವನ್ನೋ ಅಂಗಲಕ್ಷಣವನ್ನೋ ಓದುವುದರಿಂದ ಉಂಟಾಗುತ್ತದೆ.

ಮೊದಲನೆಯ ಓದು ಶಾಸ್ತ್ರಜ್ಞರದು. ಕುಂತಳ ದೇಶದ ಮಂತ್ರಿ ದುಷ್ಟಬುದ್ಧಿಯ ಮನೆಗೆ ಊಟಕ್ಕೆ ಬಂದ ಬ್ರಾಹ್ಮಣರು, ಅಲ್ಲಿದ್ದ ಅನಾಥ ಬಾಲಕನ ಲಕ್ಷಣಗಳನ್ನು ಕಂಡು ಆತ ಮುಂದೆ ರಾಜ್ಯವಾಳುವನೆಂದು ನುಡಿಯುತ್ತಾರೆ. ಸಾಮುದ್ರಿಕದ ದೃಷ್ಟಿಯಿಂದ ಇದು ಸರಿಯಾದ ಓದು. ಆದರೆ ಅದರ ತಕ್ಷಣದ ಫಲವೆಂದರೆ ಬಾಲಕನ ಕೊಲೆಗೆ ಆಜ್ಞೆ. ಅದೇ ಬಾಲಕನ ಕಾಲಿನಲ್ಲಿ ಆರನೆಯ ಬೆರಳೆಂಬ ಅಪಲಕ್ಷಣವೂ ಇದೆ. ಒಂದೇ ದೇಹದಲ್ಲಿ ರಾಜಲಕ್ಷಣವನ್ನೂ ಅಪಲಕ್ಷಣವನ್ನೂ ಇರಿಸಿದ ಕಥೆ, ಲಕ್ಷಣಗಳ ಓದು ಅಷ್ಟು ನೇರವಲ್ಲವೆಂಬ ಸೂಚನೆಯನ್ನು ಆರಂಭದಲ್ಲಿಯೇ ನೀಡುತ್ತದೆ.

ಎರಡನೆಯ ಓದು ಕೊಲ್ಲಲು ನೇಮಕವಾದ ಚಂಡಾಲರದು. ಕಾಡಿನಲ್ಲಿ ಆ ಎಳೆಯ ಮುಖವನ್ನು ಕಂಡಾಗ ಅವರ ಮನಸ್ಸು ಕರಗುತ್ತದೆ. ಹೆಚ್ಚಿನ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ, ಕೊಂದುದಕ್ಕೆ ಗುರುತೆಂದು ಮಂತ್ರಿಗೆ ಒಪ್ಪಿಸುತ್ತಾರೆ. ಇಲ್ಲಿ ಎರಡು ಪೂರ್ವಗ್ರಹಗಳು ಎದುರುಬದುರಾಗುತ್ತವೆ. ಎಳೆಯ ಮುಖ ನಿರ್ದೋಷಿಯೆಂಬ ಸಹಜ ಒಲವು ಬಾಲಕನನ್ನು ಉಳಿಸುತ್ತದೆ. ಹುಟ್ಟಿನಿಂದಲೇ ಕ್ರೂರರೆಂದು ಸಮಾಜ ಗುರುತಿಸಿದವರಲ್ಲಿ ಕರುಣೆಯೂ, ಸಭ್ಯ ಮುಖದ ಮಂತ್ರಿಯಲ್ಲಿ ಕ್ರೌರ್ಯವೂ ಕಾಣಿಸಿಕೊಳ್ಳುತ್ತದೆ. ಬೆರಳನ್ನು ಕಂಡು ಕೊಲೆ ನಡೆಯಿತೆಂದು ನಂಬುವ ದುಷ್ಟಬುದ್ಧಿಯು ತಾನೂ ಒಂದು ಗುರುತನ್ನು ತಪ್ಪಾಗಿ ಓದಿದವನೇ.

ಮೂರನೆಯ ಓದು ಚಂದ್ರಹಾಸನದು ಮತ್ತು ಅವನ ಸಾಕುತಂದೆ ಕುಳಿಂದನದು. ಚಂದನಾವತಿಗೆ ಬಂದ ದುಷ್ಟಬುದ್ಧಿ ಬೆಳೆದು ನಿಂತ ಚಂದ್ರಹಾಸನನ್ನು ಕಂಡು ಒಳಗೆ ಬೆಚ್ಚುತ್ತಾನೆ, ಹೊರಗೆ ಆದರ ತೋರುತ್ತಾನೆ. ತನ್ನ ಮಗ ಮದನನಿಗೆ ಒಂದು ಓಲೆಯನ್ನು ಕೊಟ್ಟು ಕಳುಹಿಸುತ್ತಾನೆ. ಆ ಓಲೆಯಲ್ಲಿರುವುದು ತಂದವನಿಗೆ ವಿಷವನ್ನು ಕೊಡಬೇಕೆಂಬ ಆದೇಶ. ಕುಳಿಂದನಾಗಲಿ ಚಂದ್ರಹಾಸನಾಗಲಿ ಸಂಶಯಪಡುವುದಿಲ್ಲ. ಹೆಸರೇ ದುಷ್ಟಬುದ್ಧಿಯೆಂದಿರುವವನನ್ನು ನಂಬುವುದು ವಿಚಿತ್ರವೆಂದು ತರ್ಕ ಹೇಳಬಹುದು. ಆದರೆ ಆ ಹೆಸರು ಬಣ್ಣದಂತೆ ಪ್ರೇಕ್ಷಕನಿಗೆ ಕೊಟ್ಟ ಸುಳಿವು. ರಂಗದ ಮೇಲಿನವರಿಗೆ ಕಾಣುವುದು ಹಿರಿಯ ಮಂತ್ರಿಯ ಪ್ರಸನ್ನ ಮುಖ.

ನಾಲ್ಕನೆಯ ಓದು ವಿಷಯೆಯದು. ಉಪವನದಲ್ಲಿ ನಿದ್ರಿಸುತ್ತಿರುವ ಅಪರಿಚಿತನ ಮುಖವನ್ನು ಕಂಡು ಆಕೆ ಮೋಹಗೊಳ್ಳುತ್ತಾಳೆ. ಓಲೆಯನ್ನು ಬಿಚ್ಚಿ ನೋಡಿದಾಗ ಕಂಡ ‘ವಿಷ’ ಎಂಬ ಪದವನ್ನು ತನ್ನ ತಂದೆಯ ಕೈತಪ್ಪೆಂದು ಭಾವಿಸಿ, ಅದನ್ನು ‘ವಿಷಯೆ’ ಎಂದು ತಿದ್ದುತ್ತಾಳೆ. ಈ ಒಂದು ಕ್ಷಣದಲ್ಲಿ ಆಕೆ ಎರಡು ಮುಖಗಳನ್ನು ನಂಬಿದ್ದಾಳೆ: ಮಲಗಿರುವ ಅಪರಿಚಿತನದು, ಬಾಲ್ಯದಿಂದ ಕಂಡ ತಂದೆಯದು. ಕ್ಷಣಮಾತ್ರ ಕಂಡ ಮುಖದ ವಿಷಯದಲ್ಲಿ ಅವಳ ನಂಬಿಕೆ ನಿಜವಾಗುತ್ತದೆ; ಆಜೀವ ಪರಿಚಯದ ಮುಖದ ವಿಷಯದಲ್ಲಿ ಸುಳ್ಳಾಗುತ್ತದೆ. ಸರಿಯಾದ ಫಲವು ತಪ್ಪು ಓದಿನಿಂದ ಬಂದಿದೆ. ತಂದೆ ಅಂಥವನಲ್ಲವೆಂದು ಆಕೆ ನಂಬದೆ ಇದ್ದಿದ್ದರೆ ಅಕ್ಷರವನ್ನು ತಿದ್ದುವ ಧೈರ್ಯವೇ ಬರುತ್ತಿರಲಿಲ್ಲ. ಮುಖದ ಓದು ಫಲಿಸುವುದೂ ಕೆಡುವುದೂ ದೈವಾಧೀನವೆಂಬಂತೆ ತೋರುವ ಈ ಘಟ್ಟ, ಕಥೆಯ ಭಕ್ತಿಪರ ಆಶಯಕ್ಕೆ ಹೊಂದಿಕೊಳ್ಳುತ್ತಲೇ ಮನುಷ್ಯನ ನಿರ್ಣಯಶಕ್ತಿಯ ಮಿತಿಯನ್ನೂ ಬಿಚ್ಚಿಡುತ್ತದೆ.

ದುಷ್ಟಬುದ್ಧಿಯ ಮುಖ: ನಟನ ಸಮಸ್ಯೆ

ದುಷ್ಟಬುದ್ಧಿ ರಾಕ್ಷಸನಲ್ಲ, ಅವನಿಗೆ ಚಿಟ್ಟಿಯಿಟ್ಟ ಬಣ್ಣದ ಮುಖವಿಲ್ಲ. ರಾಜಸಭೆಗೆ ಸಲ್ಲುವ ಪುರುಷವೇಷದಲ್ಲಿಯೇ ಆತ ಕಾಣಿಸಿಕೊಳ್ಳಬೇಕು. ಆದುದರಿಂದ ಬಣ್ಣ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಟನ ಕಣ್ಣು, ಹುಬ್ಬು, ತುಟಿಗಳು ಮಾಡಬೇಕಾಗುತ್ತದೆ. ಈ ಪಾತ್ರದಲ್ಲಿ ಮುಖವರ್ಣಿಕೆಯಿಂದ ಮುಖಾಭಿನಯಕ್ಕೆ, ಸಾಮುದ್ರಿಕದಿಂದ ನಾಟ್ಯಶಾಸ್ತ್ರಕ್ಕೆ ದಾಟಬೇಕಾದ ಅಗತ್ಯವಿದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಖ್ಯಾತಿಯ ಪಾತ್ರಗಳಲ್ಲಿ ಕೀಚಕ, ಭಸ್ಮಾಸುರರ ಜೊತೆಗೆ ದುಷ್ಟಬುದ್ಧಿಯೂ ಸೇರಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ. 2012ರಲ್ಲಿ ಪದ್ಮಶ್ರೀ ಪುರಸ್ಕೃತರಾಗಿ, 2017ರಲ್ಲಿ ನಿಧನರಾದ ಅವರ ಕಲೆಯ ಬಲವಿದ್ದುದು ಭಾವವನ್ನು ಮುಖದ ಮತ್ತು ದೇಹದ ಚಲನೆಯಾಗಿ ಮಾರ್ಪಡಿಸುವುದರಲ್ಲಿ. ಕೆರೆಮನೆ ಪರಂಪರೆಯಾದರೋ ಪಾತ್ರದ ಔಚಿತ್ಯ, ಮಾತಿನ ಹದ, ಸಂಯಮಗಳಿಗೆ ಹೆಸರಾದುದು. ಒಂದೇ ತಾಲ್ಲೂಕಿನ ಈ ಎರಡು ಮಾರ್ಗಗಳನ್ನು ದುಷ್ಟಬುದ್ಧಿಯಂಥ ಪಾತ್ರದ ಮುಂದಿರಿಸಿದಾಗ ವಿಮರ್ಶೆಯ ಒಂದು ಮೂಲಭೂತ ಪ್ರಶ್ನೆ ಎದುರಾಗುತ್ತದೆ: ಒಳಗಿನ ಕೇಡನ್ನು ನಟನು ಎಷ್ಟರಮಟ್ಟಿಗೆ ಮುಖದಲ್ಲಿ ತೋರಿಸಬೇಕು?

ಪೂರ್ತಿಯಾಗಿ ಮರೆಮಾಡಿದರೆ ಪ್ರೇಕ್ಷಕನಿಗೆ ಪಾತ್ರದ ಒಳತೋಟಿ ತಲುಪದು. ಸದಾ ತೋರಿಸುತ್ತಿದ್ದರೆ ಎದುರಿನ ಕುಳಿಂದ, ಚಂದ್ರಹಾಸರು ಬುದ್ಧಿಯಿಲ್ಲದವರಾಗಿ ಕಾಣುತ್ತಾರೆ. ಇಷ್ಟು ಸ್ಪಷ್ಟವಾದ ದ್ವೇಷವನ್ನು ಕಾಣಲಾರದವರ ಮೇಲೆ ನೋಡುಗನ ಅನುಕಂಪ ನಿಲ್ಲುವುದಿಲ್ಲ. ಆದುದರಿಂದ ಈ ಪಾತ್ರಕ್ಕೆ ಎರಡು ಮುಖಗಳು ಬೇಕು: ಎದುರು ಪಾತ್ರಕ್ಕೆ ತಿರುಗಿದ ಮುಖ, ಸಭೆಗೆ ತಿರುಗಿದ ಮುಖ. ಭಾಗವತನ ಪದ್ಯಕ್ಕೆ ಅಭಿನಯಿಸುವಾಗ ಸ್ವಗತದ ಭಾಗವನ್ನು ಸಭೆಗೂ, ಸಂವಾದದ ಭಾಗವನ್ನು ಎದುರಾಳಿಗೂ ಹಂಚುವ ರೂಢಿಯೇ ಇದಕ್ಕೆ ಅವಕಾಶ ಕೊಡುತ್ತದೆ. ಶೂರ್ಪನಖಿಯಲ್ಲಿ ಇಬ್ಬರು ನಟರು ಮಾಡಿದುದನ್ನು ದುಷ್ಟಬುದ್ಧಿಯಲ್ಲಿ ಒಬ್ಬನೇ ನಟ ಒಂದೇ ಮುಖದಲ್ಲಿ ಮಾಡಬೇಕು. ಮೆಚ್ಚುಗೆಯ ಚಪ್ಪಾಳೆಗಾಗಿ ಸಭೆಗೆ ತಿರುಗಿದ ಮುಖವೊಂದೇ ಬೆಳೆದು, ಎದುರು ಪಾತ್ರಕ್ಕೆ ತೋರಬೇಕಾದ ಪ್ರಸನ್ನತೆ ಇಲ್ಲವಾದರೆ ಪ್ರಸಂಗದ ಆಶಯಕ್ಕೆ ಧಕ್ಕೆಯಾಗುತ್ತದೆ. ನಂಬಿಕೆಗೆ ಯೋಗ್ಯನಾಗಿ ತೋರದವನು ದ್ರೋಹ ಮಾಡುವುದು ಕಥೆಯಾಗದು. ನಂಬಿಕೆಯನ್ನು ಗಳಿಸಿದವನು ಮಾಡಿದಾಗಲೇ ಅದು ದ್ರೋಹ.

ತಾಳಮದ್ದಳೆ: ಮುಖವಿಲ್ಲದ ಪಾತ್ರ

ಇದೇ ಪ್ರಸಂಗಗಳು ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಬಣ್ಣವಿಲ್ಲದೆ ನಡೆಯುತ್ತವೆ. ಅರ್ಥಧಾರಿಗಳು ಸಾಮಾನ್ಯ ಉಡುಪಿನಲ್ಲಿ ಕುಳಿತು ಮಾತಾಡುತ್ತಾರೆ. ಒಬ್ಬರೇ ಒಂದು ದಿನ ರಾಮ, ಇನ್ನೊಂದು ದಿನ ರಾವಣ. ಅವರ ಸ್ವಂತ ಮುಖಕ್ಕೂ ಪಾತ್ರದ ಶೀಲಕ್ಕೂ ಸಂಬಂಧವಿಲ್ಲ. ಸಭೆ ಅಂಥ ಸಂಬಂಧವನ್ನು ನಿರೀಕ್ಷಿಸುವುದೂ ಇಲ್ಲ. ಪಾತ್ರ ನಂಬತಕ್ಕದ್ದೇ ಎಂಬುದು ಅದರ ವಾದದ ಸುಸಂಗತಿಯಿಂದ, ಎದುರಾಳಿಯ ಪ್ರಶ್ನೆಗೆ ಕೊಟ್ಟ ಉತ್ತರದಿಂದ ತೀರ್ಮಾನವಾಗಬೇಕು. ಆಟದ ಪ್ರೇಕ್ಷಕನೇ ತಾಳಮದ್ದಳೆಯ ಶ್ರೋತೃವೂ ಆಗಿರುವ ಈ ಪ್ರದೇಶದಲ್ಲಿ, ಒಂದೇ ದುಷ್ಟಬುದ್ಧಿಯನ್ನು ಮುಖದಿಂದಲೂ ಮಾತಿನಿಂದಲೂ ಪ್ರತ್ಯೇಕವಾಗಿ ಅಳೆಯುವ ಅವಕಾಶ ಸಾಮಾನ್ಯ ಜನರಿಗೂ ದೊರಕಿದೆ. ಮುಖದ ಪ್ರಭಾವವನ್ನು ಬೇರ್ಪಡಿಸಿ ಪರೀಕ್ಷಿಸಲು ಪ್ರಯೋಗಶಾಲೆ ಹುಡುಕುವ ಏರ್ಪಾಡು ಇಲ್ಲಿ ಪರಂಪರೆಯ ಭಾಗವಾಗಿಯೇ ಇದೆ. ಆದರೆ ದನಿಯೂ ಒಂದು ಬಗೆಯ ಮುಖವೇ ಎಂಬುದನ್ನು ಮರೆಯುವಂತಿಲ್ಲ. ಗಂಭೀರ ಕಂಠದ ಅರ್ಥಧಾರಿಯ ದುರ್ಬಲ ವಾದವೂ ಸಭೆಯನ್ನು ಒಲಿಸಿಕೊಳ್ಳಬಲ್ಲದು.

ಮಿತಿಗಳು ಮತ್ತು ಎಚ್ಚರಗಳು

ಮುಖವರ್ಣಿಕೆಯ ಸಂಕೇತಗಳು ರಂಗದ ಹೊರಗೆ ಹರಿದಾಗ ಆಗುವ ಅಪಾಯವನ್ನು ನಿರ್ಲಕ್ಷಿಸಲಾಗದು. ಕಪ್ಪು, ಕೆಂಪು ಬಣ್ಣಗಳನ್ನು ಕೇಡಿನೊಂದಿಗೂ ತಿಳಿಬಣ್ಣವನ್ನು ಒಳಿತಿನೊಂದಿಗೂ ಜೋಡಿಸುವ ಪದ್ಧತಿಯನ್ನು ಬಾಲ್ಯದಿಂದ ನೋಡುತ್ತ ಬಂದ ಮನಸ್ಸು ಅದನ್ನು ಮನುಷ್ಯರ ಮೈಬಣ್ಣಕ್ಕೂ ಅನ್ವಯಿಸುವ ಸಾಧ್ಯತೆಯಿದೆ. ಕಾಡಿನವರು, ಬೇಡರು, ಕಟುಕರು ಎಂಬ ಪಾತ್ರವರ್ಗಗಳ ಚಿತ್ರಣದಲ್ಲಿ ಜಾತಿಯ ಪೂರ್ವಗ್ರಹ ಸೇರಿಕೊಂಡಿಲ್ಲವೆಂದು ಹೇಳುವುದು ಕಷ್ಟ. ಹುಟ್ಟಿನಿಂದ ಶೀಲವನ್ನು ನಿರ್ಧರಿಸುವ ಮನೋಭಾವ ಭಾರತದಲ್ಲಿ ಕಾನೂನಿನ ರೂಪವನ್ನೂ ಪಡೆದಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಶಂಕಿತರೆಂದು ಪರಿಗಣಿಸಿತು. ಅದು ದೇಶದಾದ್ಯಂತ ರದ್ದಾದುದು ಸ್ವಾತಂತ್ರ್ಯಾನಂತರ, 1952ರಲ್ಲಿ. 1876ರಲ್ಲಿ ಇಟಲಿಯ ಚೆಸಾರೆ ಲೊಂಬ್ರೊಸೊ ಅಪರಾಧಿಗಳನ್ನು ಅಂಗರಚನೆಯಿಂದ ಗುರುತಿಸಬಹುದೆಂದು ವಾದಿಸಿದುದೂ ಇದೇ ಕಾಲಘಟ್ಟದಲ್ಲಿ.

ಇಂಥ ವಾದಗಳು ಹಿಂದಿನ ಕಾಲದೊಂದಿಗೆ ಮುಗಿದಿಲ್ಲ. 2016ರಲ್ಲಿ ಚೀನಾದ ಇಬ್ಬರು ಸಂಶೋಧಕರು ಗಣಕಯಂತ್ರವು ಮುಖಚಿತ್ರಗಳಿಂದ ಅಪರಾಧಿಗಳನ್ನು ಬೇರ್ಪಡಿಸಬಲ್ಲದೆಂದು ಪ್ರತಿಪಾದಿಸಿದಾಗ ವ್ಯಾಪಕ ಟೀಕೆ ಎದುರಾಯಿತು. ಮಾದರಿಯಾಗಿ ಕೊಟ್ಟ ಚಿತ್ರಗಳಲ್ಲಿ ಅಪರಾಧಿಗಳಲ್ಲದವರ ತುಟಿಗಳಲ್ಲಿ ಕಿರುನಗೆಯ ಛಾಯೆಯಿದ್ದುದನ್ನು ವಿಮರ್ಶಕರು ತೋರಿಸಿದರು. ಯಂತ್ರವು ಶೀಲವನ್ನು ಓದಿರಲಿಲ್ಲ, ತುಟಿಯ ಅಂಚನ್ನು ಓದಿರುವ ಸಾಧ್ಯತೆಯೇ ಹೆಚ್ಚು. ಚೌಕಿಯ ಬಣ್ಣಗಾರನು ಇಂಗಳೀಕದಿಂದ ತಿದ್ದುವ ಗೆರೆಯೂ ಅದೇ. ಎರಡರ ನಡುವಿನ ವ್ಯತ್ಯಾಸವಿಷ್ಟೇ: ಬಣ್ಣಗಾರನಿಗೆ ತಾನು ಹಚ್ಚುತ್ತಿರುವುದು ಬಣ್ಣವೆಂದು ಗೊತ್ತು, ಸಭೆಗೂ ಗೊತ್ತು.

ಈ ಅರಿವೇ ಯಕ್ಷಗಾನದ ಮುಖವರ್ಣಿಕೆಯನ್ನು ಸಾಮುದ್ರಿಕದಿಂದಲೂ ಲೊಂಬ್ರೊಸೊನ ಶಾಸ್ತ್ರದಿಂದಲೂ ಬೇರ್ಪಡಿಸುವ ಅಂಶ. ಇಲ್ಲಿ ಮುಖವೆಂಬುದು ಚೌಕಿಯಲ್ಲಿ ಬರೆದುಕೊಂಡು ಬೆಳಗಾಗುವಾಗ ತೊಳೆದುಹಾಕುವ ವಸ್ತು. ರಾತ್ರಿ ರಾಕ್ಷಸನಾಗಿದ್ದವನು ಬೆಳಗಿನಲ್ಲಿ ನೆರೆಮನೆಯ ಗೃಹಸ್ಥ. ಸ್ತ್ರೀವೇಷದ ಚೆಲುವೆ ಪುರುಷನೆಂಬುದೂ ಸಭೆಗೆ ತಿಳಿದದ್ದೇ. ಬಣ್ಣವನ್ನು ಬಣ್ಣವೆಂದು ತಿಳಿದು ಒಪ್ಪುವ ಈ ಅಭ್ಯಾಸ, ನಿಜಜೀವನದಲ್ಲಿ ಕಾಣುವ ಮುಖವೂ ಬಹುಮಟ್ಟಿಗೆ ನೋಡುಗನೇ ಹಚ್ಚಿದ ಬಣ್ಣವೆಂಬ ಅರಿವಿಗೆ ಸಹಾಯಕವಾಗಬಲ್ಲದು. ಕಾಲಮಿತಿಯ ಪ್ರದರ್ಶನಗಳಲ್ಲಿ ಹೊತ್ತು ಹಿಡಿಯುವ ಚಿಟ್ಟಿಯ ಬಣ್ಣದ ವೇಷಗಳು ವಿರಳವಾಗುತ್ತಿರುವುದನ್ನು ಸಾಮಾನ್ಯವಾಗಿ ಸೌಂದರ್ಯದ ನಷ್ಟವೆಂದು ಮಾತ್ರ ವಿವರಿಸಲಾಗುತ್ತದೆ. ಘೋರದ ಮುಖವನ್ನು ಕಾಣದೆ ಮಾಯೆಯ ಮುಖವನ್ನಷ್ಟೇ ಕಂಡ ಪ್ರೇಕ್ಷಕನು ತಿಳಿದವನ ಸ್ಥಾನವನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನೂ ಆ ನಷ್ಟದ ಲೆಕ್ಕಕ್ಕೆ ಸೇರಿಸಬೇಕು.

ಒಟ್ಟಿನಲ್ಲಿ, ಬಡಗುತಿಟ್ಟಿನ ಮುಖವರ್ಣಿಕೆ ಮನುಷ್ಯನ ಸಹಜ ಪೂರ್ವಗ್ರಹವನ್ನು ಬಳಸಿಕೊಳ್ಳುತ್ತದೆ, ಪ್ರಸಂಗಗಳು ಆ ಪೂರ್ವಗ್ರಹವನ್ನು ಪ್ರಶ್ನಿಸುತ್ತವೆ, ಅರ್ಥಗಾರಿಕೆ ಅದಿಲ್ಲದೆಯೂ ಪಾತ್ರವನ್ನು ಕಟ್ಟುತ್ತದೆ. ಈ ಮೂರನ್ನು ಒಟ್ಟಾಗಿ ಪರಿಗಣಿಸಿದಾಗ ಮಾತ್ರ ಯಕ್ಷಗಾನದಲ್ಲಿ ಮುಖದ ಸ್ಥಾನವೇನೆಂಬುದು ತಿಳಿದೀತು. ಹೊನ್ನಾವರ ಪರಿಸರದ ಹಿರಿಯ ಬಣ್ಣಗಾರರ ಮತ್ತು ವೇಷಧಾರಿಗಳ ಅನುಭವಗಳನ್ನು, ನೋಡುಗರ ಪ್ರತಿಕ್ರ‍ಿಯೆಗಳನ್ನು ಒಂದೇ ಪ್ರಸಂಗದ ಆಟ ಮತ್ತು ತಾಳಮದ್ದಳೆಗಳ ಹಿನ್ನೆಲೆಯಲ್ಲಿ ಸಂಗ್ರಹಿಸಿ ಹೋಲಿಸುವ ಕೆಲಸ ನಡೆದರೆ ಈ ವಿಷಯಕ್ಕೆ ಇನ್ನಷ್ಟು ಖಚಿತತೆ ಒದಗುವುದು.